ಮುಳುಗಿದ ಹೊಲ, ನಿಲ್ಲದ ರೈಲು

ಪುಣೆ ಕ್ಯಾಂಪಿನ ಪ್ರೇಕ್ಷಕರಿಗೆ ‘ಸರ್ಫಿರಾ’ದ ವೀರ್ ಮ್ಹಾತ್ರೆ ತಮ್ಮ ಕಡೆಯ ಹುಡುಗ ಎನಿಸಿದರೆ ಆಶ್ಚರ್ಯವಿಲ್ಲ. 2024ರ ಈ ಹಿಂದಿ ಚಿತ್ರದಲ್ಲಿ ನಾಯಕ ಮರಾಠಿಗ. ಅದರ ಮೂಲವಾದ 2020ರ ‘ಸೂರರೈ ಪೋಟ್ರು’ವಿನಲ್ಲಿ ಅವನು ತಮಿಳುನಾಡಿನ ನೆಡುಮಾರನ್. ಎರಡನ್ನೂ ನಿರ್ದೇಶಿಸಿದವರು ಸುಧಾ ಕೊಂಗರ. ಎರಡಕ್ಕೂ ಬದುಕು ಕೊಟ್ಟವರು ಮಾತ್ರ ಅಗ್ಗದ ವಿಮಾನಯಾನ ಸಂಸ್ಥೆ ಏರ್ ಡೆಕ್ಕನ್ ಕಟ್ಟಿದ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರ ‘ಸಿಂಪ್ಲಿ ಫ್ಲೈ’ ಆತ್ಮಕಥೆಯೇ ಆಧಾರ.

ಗೋಪಿನಾಥ್ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಪುಣೆ ಪಕ್ಕದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ತರಬೇತಿ ಪಡೆದು, ಭೂಸೇನೆ ಸೇರಿ 1971ರ ಯುದ್ಧ ಕಂಡವರು. ಚಿತ್ರ ಅವರನ್ನು ವಾಯುಪಡೆಗೆ ಸೇರಿಸಿತು. ಊರು, ಭಾಷೆ, ಸೇನೆ ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ಹೆಸರನ್ನೂ ಬದಲಿಸಿ ಇದು ಕಲ್ಪನೆ ಬೆರೆತ ಕಥೆ ಎಂದು ಒಪ್ಪಿಕೊಂಡದ್ದು ಪ್ರಾಮಾಣಿಕತೆಯೇ. ನಿಜವಾದ ಹೆಸರಿನಡಿ ಸುಳ್ಳು ಪೋಣಿಸುವ ಚಿತ್ರಗಳಿಗಿಂತ ಇದು ಎಷ್ಟೋ ಮೇಲು.

ಆದರೆ ಕಾರಣಗಳನ್ನೇ ಬದಲಿಸಿದಾಗ ಮನುಷ್ಯನೇ ಬದಲಾಗುತ್ತಾನೆ. ಚಿತ್ರದಲ್ಲಿ ಮೇಷ್ಟರಾದ ಅಪ್ಪ ಊರಿನಲ್ಲಿ ರೈಲು ನಿಲ್ಲಲೆಂದು ಅರ್ಜಿ ಬರೆಯುತ್ತಲೇ ಇರುತ್ತಾನೆ. ಮಗ ಅದೇ ಹಟವನ್ನು ಆಕಾಶಕ್ಕೆ ಒಯ್ಯುತ್ತಾನೆ. ನಿಜದಲ್ಲಿ ಗೋಪಿನಾಥರ ಕುಟುಂಬದ ಹೊಲ ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಇಪ್ಪತ್ತೆಂಟರ ವಯಸ್ಸಿಗೆ ಸೇನೆ ಬಿಟ್ಟು ಬಂದವರು ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಬೇಸಾಯಕ್ಕಿಳಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹೊಲ ಕಳೆದುಕೊಂಡವನು ಮತ್ತೆ ಬಿತ್ತಿ, ಆಮೇಲೆ ವಿಮಾನದ ಮಾತಾಡಿದ ಎನ್ನುವುದು ರೈಲಿನ ಕಥೆಗಿಂತ ವಿಚಿತ್ರ, ಹೆಚ್ಚು ನಮ್ಮದು.

ಎರಡನೆಯ ಕೊರತೆ ಖಳನಾಯಕ. ಪರೇಶ್ ರಾವಲ್ ಚೆನ್ನಾಗಿಯೇ ಅಭಿನಯಿಸಿದ್ದಾರೆ. ಆದರೆ ಲೈಸೆನ್ಸು, ಇಂಧನದ ಬೆಲೆ, ಸರ್ಕಾರಿ ಕಡತಗಳ ಜಡತ್ವವನ್ನೆಲ್ಲ ಒಬ್ಬ ಸಿರಿವಂತನ ತಲೆಗೆ ಕಟ್ಟಿದರೆ, ಅವನು ಸೋತ ಕೂಡಲೇ ಎಲ್ಲವೂ ಸರಿಹೋದಂತೆ ಕಾಣುತ್ತದೆ.

ಹಾಗೆ ಸರಿಹೋಗಲಿಲ್ಲ. 2003ರಲ್ಲಿ ಹಾರಿದ ಏರ್ ಡೆಕ್ಕನ್, ಒಂದು ರೂಪಾಯಿ ಟಿಕೆಟ್ಟಿನಿಂದ ಹೆಸರು ಮಾಡಿದರೂ, ನಷ್ಟದಲ್ಲಿ ಸಿಲುಕಿ 2007ರಲ್ಲಿ ವಿಜಯ್ ಮಲ್ಯರ ಬಳಗದ ಕೈಸೇರಿತು. ಮಲ್ಯರ ವಿಮಾನಯಾನ ಸಂಸ್ಥೆ ಕಿಂಗ್‌ಫಿಶರ್ ಕೂಡ 2012ರಲ್ಲಿ ನೆಲಕಚ್ಚಿತು. ಚಿತ್ರ ಗೆಲುವಿನ ಹಾರಾಟಕ್ಕೇ ಮುಗಿಯುತ್ತದೆ. ಕಲ್ಪಿತ ಘಟನೆಯನ್ನು ಕ್ಷಮಿಸಬಹುದು, ಏಕೆಂದರೆ ಅದು ನಾಟಕದ ಕೆಲಸ. ಆದರೆ ಸೋಲನ್ನು ಕತ್ತರಿಸಿದರೆ, ಅಗ್ಗದ ಟಿಕೆಟ್ಟಿಗೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆಯೂ ಜೊತೆಗೇ ಹೋಗುತ್ತದೆ. ಸಾಧಕನ ಧೈರ್ಯ ಅಳೆಯಲು ಆ ಲೆಕ್ಕವೂ ಬೇಕು.