ಆಟದ ಮನೆ ಮತ್ತು ಅದರ ದಾರಿ: ದಾವಣಗೆರೆ–ಹರಿಹರ ಪರಿಸರದ ಪ್ರದರ್ಶನ ತಾಣಗಳು

ರಂಗಮಂದಿರಗಳನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ಹೆಬ್ಬಾಗಿಲಿನಿಂದ ಒಳಮುಖವಾಗಿಯೇ ಸಾಗುತ್ತದೆ. ಆಸನಗಳ ಸಂಖ್ಯೆ, ವೇದಿಕೆಯ ವಿಸ್ತಾರ, ಧ್ವನಿ-ಬೆಳಕಿನ ಏರ್ಪಾಡು ಇವು ಚರ್ಚೆಗೆ ಬರುತ್ತವೆ. ಪ್ರೇಕ್ಷಕನು ಅಲ್ಲಿಗೆ ಹೇಗೆ ಬಂದನು, ಆಟ ಮುಗಿದ ಮೇಲೆ ಯಾವ ದಾರಿಯಿಂದ ಮರಳಿದನು ಎಂಬುದು ಸಾರಿಗೆ ಇಲಾಖೆಯ ವಿಷಯವೆಂದು ಬದಿಗೆ ಸರಿಯುತ್ತದೆ. ದಾವಣಗೆರೆ ಮತ್ತು ಹರಿಹರಗಳ ಪ್ರದರ್ಶನ ಪರಂಪರೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ.

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ಕಾಲದಲ್ಲಿ ಸೋಮ ದಂಡನಾಯಕನಿಂದ ಅದು ವಿಸ್ತಾರಗೊಂಡಿತು. ಇಲ್ಲಿನ ತೆರೆದ ಮಂಟಪದ ಹೊರಗೋಡೆ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಂತುಬಿಡುತ್ತದೆ. ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ತಿರುಗಣೆಯಲ್ಲಿ ಕಡೆದಂತಹ ಪೂರ್ಣ ಕಂಬಗಳು. ಒಳಗೆ ಕುಳಿತವನಿಗೂ ಅಂಗಳದಲ್ಲಿ ನಿಂತವನಿಗೂ ನಡುವೆ ಬಾಗಿಲೆಂಬುದಿಲ್ಲ. ಧ್ವನಿಶಾಸ್ತ್ರದ ದೃಷ್ಟಿಯಿಂದ ಇದು ದೋಷವೇ ಸರಿ. ನಾದ ಹೊರಗೆ ಹರಿದುಹೋಗುತ್ತದೆ. ಆದರೆ ತಡವಾಗಿ ಬಂದವನನ್ನೂ ಒಳಗೊಳ್ಳುವ ಗುಣ ಈ ರಚನೆಯಲ್ಲಿದೆ. ಹೊಳೆಯ ದಂಡೆಯ ಕ್ಷೇತ್ರವಾದ್ದರಿಂದ ಯಾತ್ರಿಕರ ದಾರಿಯೇ ಸಭೆಯ ದಾರಿಯೂ ಆಗಿತ್ತು.

ಇಪ್ಪತ್ತನೆಯ ಶತಮಾನದ ವೃತ್ತಿ ನಾಟಕ ಕಂಪನಿಗಳು ಇದೇ ವಿವೇಕವನ್ನು ಬೇರೆ ರೀತಿಯಲ್ಲಿ ತೋರಿದವು. ದಾವಣಗೆರೆಯು ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. 2010ರಲ್ಲಿ ನಿಧನರಾದ ಚಿಂದೋಡಿ ಲೀಲಾ ಅವರಂತಹ ಕಲಾವಿದೆ ಬೆಳೆದುಬಂದ ನೆಲ. ಕಂಪನಿಯ ಥಿಯೇಟರ್ ಎಂದರೆ ಕಂಬ, ತಗಡು, ಪರದೆಗಳ ತಾತ್ಕಾಲಿಕ ಮನೆ. ಮಳೆ ಬಂದರೆ ತಗಡಿನ ಸದ್ದಿನಲ್ಲಿ ಸಂಭಾಷಣೆ ಮುಳುಗುತ್ತಿತ್ತು. ಅದನ್ನು ಮೀರುವ ಕಂಠವೇ ನಟನ ಬಂಡವಾಳ. ಇಂತಹ ಮನೆಗೆ ಜಾಗ ಹುಡುಕುವಾಗ ಮಾಲೀಕನು ಮೊದಲು ನೋಡುತ್ತಿದ್ದುದು ಜನಸಂಚಾರವನ್ನು: ಜಾತ್ರೆಯ ಬಯಲು, ಸಂತೆ, ಬಸ್ ನಿಲ್ದಾಣ. ಪ್ರೇಕ್ಷಕನು ಇದ್ದೆಡೆಗೆ ಮಂದಿರವೇ ನಡೆದುಬರುತ್ತಿತ್ತು.

ಜಾತ್ರೆಯ ಕ್ಯಾಂಪುಗಳಲ್ಲಿ ಆಟ ಬೆಳಗಿನವರೆಗೆ ನಡೆಯುತ್ತಿದ್ದುದನ್ನು ವಿಮರ್ಶಕರು ಬಹುಮಟ್ಟಿಗೆ ಕಥಾಬಂಧದ ಸಡಿಲತೆಯಾಗಿಯೇ ಕಂಡಿದ್ದಾರೆ. ಹಾಡುಗಳ ಪುನರಾವರ್ತನೆ, ಕಥೆಗೆ ಸಂಬಂಧವಿಲ್ಲದ ಹಾಸ್ಯ ದೃಶ್ಯಗಳು ಈ ಆಕ್ಷೇಪಕ್ಕೆ ಗುರಿಯಾಗಿವೆ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಡುರಾತ್ರಿ ಆಟ ಮುಗಿದರೆ ಹಳ್ಳಿಯ ಪ್ರೇಕ್ಷಕನು, ಅದರಲ್ಲೂ ಮಕ್ಕಳೊಡನೆ ಬಂದ ಹೆಂಗಸರು, ಎಲ್ಲಿಗೆ ಹೋಗಬೇಕಿತ್ತು? ಕೋಳಿ ಕೂಗುವವರೆಗೆ ಎಳೆದ ಆಟವು ಮೊದಲ ಬಸ್ಸಿಗೆ ಜನರನ್ನು ಒಪ್ಪಿಸುತ್ತಿತ್ತು. ನಾಟಕದ ಉದ್ದಕ್ಕೆ ಅಭಿರುಚಿಯಷ್ಟೇ ದಾರಿಯೂ ಕಾರಣವಾಗಿರಬಹುದೆಂಬ ಸಾಧ್ಯತೆಯನ್ನು ಪರಿಗಣಿಸದ ವಿಮರ್ಶೆ ಅಪೂರ್ಣವೆನಿಸುತ್ತದೆ.

ಇಂದಿನ ಸಭಾಂಗಣಗಳ ಸ್ಥಿತಿ ಬೇರೆ. ದಾವಣಗೆರೆಯ ವೈದ್ಯಕೀಯ ಕಾಲೇಜಿನ ಬಾಪೂಜಿ ಸಭಾಂಗಣ, ಕನ್ನಡ ಸಾಹಿತ್ಯ ಪರಿಷತ್ತಿನ ಕುವೆಂಪು ಕನ್ನಡ ಭವನ ಇವು ಊರಿನ ಸಾಂಸ್ಕೃತಿಕ ಅಗತ್ಯವನ್ನು ತಕ್ಕಮಟ್ಟಿಗೆ ತುಂಬಿವೆ. ಕಾರ್ಯಕ್ರಮ ಸಂಜೆ ಆರಂಭವಾಗಿ ರಾತ್ರಿಯೇ ಮುಗಿಯುತ್ತದೆ. ಮರಳುವ ಹೊಣೆ ಪ್ರೇಕ್ಷಕನದು. ಸ್ವಂತ ವಾಹನವುಳ್ಳವನಿಗೆ ಇದು ಪ್ರಶ್ನೆಯೇ ಅಲ್ಲ. ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಹೋಗಬೇಕಾದವನಿಗೆ, ಅಲ್ಲಿಂದಾಚೆ ಹೊಳೆ ದಾಟಿ ಕುಮಾರಪಟ್ಟಣದ ಕಾರ್ಖಾನೆಯ ಪಾಳಿಗೆ ಹಾಜರಾಗಬೇಕಾದ ಕಾರ್ಮಿಕನಿಗೆ ಇದೇ ಮೊದಲ ಪ್ರಶ್ನೆ.

ಹಾಗೆ ನೋಡಿದರೆ ಸೌಕರ್ಯಗಳಿಗೆ ಕೊರತೆಯಿಲ್ಲ. ಎರಡೂ ಊರುಗಳು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ, ಹಳೆಯ ಪಿ.ಬಿ. ರಸ್ತೆ ಎರಡನ್ನೂ ಜೋಡಿಸುತ್ತದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆದಾಗಿನಿಂದ ನಗರದ ಹವ್ಯಾಸಿ ರಂಗಭೂಮಿಯ ಕೇಂದ್ರವಾದುದಕ್ಕೆ ಅದರ ವೇದಿಕೆಯಷ್ಟೇ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಸ್ಸುಗಳ ಸಾಮೀಪ್ಯವೂ ನೆರವಾಗಿದೆ. 2017ರಲ್ಲಿ ಆ ಭಾಗಕ್ಕೆ ಮೆಟ್ರೊ ರೈಲೂ ಬಂದಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಸ್ಥಾನ ಪಡೆದ, ವೃತ್ತಿ ರಂಗಭೂಮಿಗೆಂದೇ ಪ್ರತ್ಯೇಕ ರಂಗಾಯಣವನ್ನೂ ಪಡೆದ ದಾವಣಗೆರೆಯಲ್ಲಿ ಸುಸಜ್ಜಿತ ಸಂಗೀತ-ನಾಟಕ ಸಂಕೀರ್ಣದ ಮಾತು ಬಂದಾಗ, ನಿವೇಶನದ ವಿಸ್ತಾರವನ್ನೇ ಮಾನದಂಡ ಮಾಡಿಕೊಂಡು ಊರಾಚೆಯ ಅಗ್ಗದ ನೆಲವನ್ನು ಆರಿಸುವುದು ಸುಲಭ. ವಾಹನ ನಿಲುಗಡೆಗೆ ಅಲ್ಲಿ ಬೇಕಾದಷ್ಟು ಜಾಗ ದೊರೆಯುತ್ತದೆ; ವಾಹನವಿಲ್ಲದವರಿಗೆ ಮಾತ್ರ ಜಾಗ ದೊರೆಯುವುದಿಲ್ಲ.

ಕಚೇರಿಯ ಕೊನೆಗೆ, ಮಂಗಳಕ್ಕೆ ಮೊದಲೇ, ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ಸಂಘಟಕರು ರಸಿಕತೆಯ ಅಭಾವವೆಂದು ಆಕ್ಷೇಪಿಸುವುದುಂಟು. ಅವರಲ್ಲಿ ಹಲವರು ಹರಿಹರದ ಬಸ್ಸಿಗಾಗಿ ಎದ್ದವರು.