ಅಗ್ಗದ ಇಯರ್‌ಫೋನು ಮತ್ತು ಮನುಷ್ಯನ ದನಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ಗಡಿ ತಾಲೂಕುಗಳಲ್ಲಿ ಯಾವ ಊರಿನ ಮೊಬೈಲ್ ಅಂಗಡಿಗೆ ಹೋದರೂ ಇಯರ್‌ಫೋನುಗಳ ಸಾಲು ತೂಗಾಡುತ್ತಿರುತ್ತದೆ. ನೂರು ರೂಪಾಯಿಯ ಹೆಸರಿಲ್ಲದ ಮಾಲಿನಿಂದ ಹಿಡಿದು ಐದಾರು ನೂರರ ಬ್ರಾಂಡಿನ ಮಾಲಿನವರೆಗೆ ಹೆಚ್ಚಿನ ಪೊಟ್ಟಣಗಳ ಮೇಲೆ ಒಂದೇ ಜಂಬ: ಹೆಚ್ಚು ಬಾಸ್. ಪುಸ್ತಕವನ್ನು, ಸಿನಿಮಾವನ್ನು, ನಾಟಕವನ್ನು ನಾವು ವಿಮರ್ಶಿಸುತ್ತೇವೆ. ಆದರೆ ಅಂಗಡಿಯ ಹುಡುಗನಿಂದ ಕಾಲೇಜಿನ ವಿದ್ಯಾರ್ಥಿನಿಯವರೆಗೆ ಇಂದು ಅಸಂಖ್ಯ ಜನ ಹಾಡು, ಪ್ರವಚನ, ಪಾಠ ಎಲ್ಲವನ್ನೂ ಯಾವ ಕಿಂಡಿಯ ಮೂಲಕ ಕೇಳುತ್ತಿದ್ದಾರೋ ಆ ಕಿಂಡಿಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ವಿಮರ್ಶೆಯೇ ಇಲ್ಲ. ಅದು ಜಾಹೀರಾತಿನವರ ಪಾಲಾಗಿದೆ.

ಈ ಸೀಮೆಯವರಿಗೆ ದನಿಯನ್ನು ಅಳೆಯಲು ಹೊರಗಿನ ಮಾಪನ ಬೇಕಿಲ್ಲ. ಕಾಗವಾಡದಿಂದ ಗಡಿ ದಾಟಿದರೆ ಸಿಗುವುದೇ ಮಿರಜ್. ಶಸ್ತ್ರಾಸ್ತ್ರ ಮಾಡುತ್ತಿದ್ದ, ಮಸೆಯುತ್ತಿದ್ದ ಶಿಕಲಗಾರ ಮನೆತನಗಳು ತಂತಿವಾದ್ಯದ ಕಸುಬಿಗೆ ತಿರುಗಿ, 'ಸಿತಾರಮೇಕರ್' ಎಂಬ ಅಡ್ಡಹೆಸರನ್ನೇ ಪಡೆದ ಊರು ಅದು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ತೀರಿಕೊಂಡ ಅವರು ಮಣ್ಣಾದದ್ದೂ ಅಲ್ಲಿನ ದರ್ಗಾದ ಆವರಣದಲ್ಲೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಆ ಗಾಯನ ಹರಿದು ಬಂತು.

ಖಾನ್ ಸಾಹೇಬರ 78 ಸುತ್ತಿನ ತಟ್ಟೆಗಳನ್ನು ಇಂದು ಮೊಬೈಲಿನಲ್ಲಿ ಯಾರು ಬೇಕಾದರೂ ಕೇಳಬಹುದು. ಒಂದೊಂದು ಮಗ್ಗುಲು ಮೂರು ನಿಮಿಷದ ಆಸುಪಾಸು. ಆ ಕಾಲದ ಯಂತ್ರಗಳು ಅತಿ ತಗ್ಗಿನ ನಾದವನ್ನಾಗಲೀ ಅತಿ ಎತ್ತರದ ನಾದವನ್ನಾಗಲೀ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆದರೂ ಆ ದನಿ ಜೀವಂತವಾಗಿದೆ. ಇತ್ತ ನಮ್ಮ ಇಯರ್‌ಫೋನಿನ ಪೊಟ್ಟಣವು '20 ಹರ್ಟ್ಜ್‌ನಿಂದ 20,000 ಹರ್ಟ್ಜ್' ಎಂದು ಸಾರುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ಇಡೀ ವ್ಯಾಪ್ತಿಯೇ ಅದು. ಹಾಗಿದ್ದರೂ ಹಲವು ಅಗ್ಗದ ಇಯರ್‌ಫೋನುಗಳಲ್ಲಿ ಗಾಯಕನ ದನಿ ಕಂಬಳಿ ಹೊದ್ದುಕೊಂಡಂತೆ ಕೇಳುವುದೇಕೆ?

ಉತ್ತರ ಸರಳ. ಆ ಅಂಕಿ ವ್ಯಾಪ್ತಿಯನ್ನು ಹೇಳುತ್ತದೆ, ಸಮತೋಲವನ್ನು ಹೇಳುವುದಿಲ್ಲ. ಯಾವ ನಾದ ಎಷ್ಟು ಏರಿದೆ, ಯಾವುದು ಎಷ್ಟು ಕುಗ್ಗಿದೆ ಎಂಬುದರ ಮೇಲೆ ಇಯರ್‌ಫೋನಿನ ಗುಣ ನಿಂತಿದೆ. ಅದನ್ನು ಪೊಟ್ಟಣದ ಮೇಲೆ ಮುದ್ರಿಸುವವರು ವಿರಳ. '10 ಮಿಲಿಮೀಟರ್ ಡ್ರೈವರ್' ಎಂಬ ಹೆಮ್ಮೆಯೂ ಇಷ್ಟೇ ಟೊಳ್ಳು. ತೆಳು ಪೊರೆ, ಅದಕ್ಕಂಟಿದ ತಾಮ್ರದ ಸುರುಳಿ, ಒಂದು ಅಯಸ್ಕಾಂತ, ಇವಿಷ್ಟೇ ಡ್ರೈವರ್ ಎಂದರೆ. ಅದೇ ಅಳತೆಯ ಡ್ರೈವರಿನಿಂದ ಒಳ್ಳೆಯ ದನಿಯನ್ನೂ ತೆಗೆಯಬಹುದು, ಕೆಟ್ಟ ದನಿಯನ್ನೂ ತೆಗೆಯಬಹುದು.

ಬಾಸ್ ಬೇಡವೆಂಬ ವಾದ ಇದಲ್ಲ. ಹೆಚ್ಚಿನ ಕೇಳುಗರಿಗೆ ತಗ್ಗಿನ ನಾದ ತುಸು ಏರಿದ್ದರೆ ಹಿತವೆಂದು ಸಂಶೋಧನೆಗಳೂ ಹೇಳಿವೆ. ಬಸ್ಸಿನ ಎಂಜಿನ್ನಿನ ಗುರುಗುಟ್ಟುವಿಕೆ ಬಾಸನ್ನೇ ಮೊದಲು ನುಂಗುವುದರಿಂದ ಪ್ರಯಾಣದಲ್ಲಿ ಆ ಏರಿಕೆಗೆ ಅರ್ಥವೂ ಇದೆ. ತಕರಾರು ಇರುವುದು ಆ ಏರಿಕೆ ತನ್ನ ಮೇರೆ ಮೀರಿದಾಗ. ಅದು ಇನ್ನೂರು, ಮುನ್ನೂರು ಹರ್ಟ್ಜ್‌ಗಳ ಆಚೆಗೂ ಉಕ್ಕಿ ಹರಿದರೆ ಮನುಷ್ಯನ ದನಿಯ ಬುಡವೇ ಮುಳುಗುತ್ತದೆ. ತಬಲಾದ ಎಡದ ಪೆಟ್ಟಿನ ಮೀಂಡು ಬರೀ 'ಧಬ್' ಆಗುತ್ತದೆ. ತಂಬೂರಿಯ ಖರಜದ ತಂತಿ ಗುಂಯ್‌ಗುಡುವ ಫ್ಯಾನಿನಂತಾಗುತ್ತದೆ. ತಂಬೂರಿಯ ಸೊಬಗು ಇರುವುದು ಮೂಲನಾದಕ್ಕಿಂತ ಹೆಚ್ಚಾಗಿ ಅದರಿಂದ ಏಳುವ ಉಪನಾದಗಳ ಬಳುಕಿನಲ್ಲಿ. ಮಿರಜಿನ ಕುಶಲಿಗರು ಕುದುರೆಯ ಮೇಲ್ಮೈಯನ್ನು ಅರದಿಂದ ಉಜ್ಜಿ ಉಜ್ಜಿ ತೆಗೆಯುವ 'ಜವಾರಿ' ಅದು. ಆ ಜವಾರಿ ಕೇಳಿಸದ ಇಯರ್‌ಫೋನು ನಮ್ಮ ಸಂಗೀತಕ್ಕೆ ಹೇಳಿಸಿದ್ದಲ್ಲ.

ಮಾತಿನ ವಿಷಯಕ್ಕೆ ಬಂದರೆ ನಷ್ಟ ಇನ್ನೂ ಹೆಚ್ಚು. ಬಾಸನ್ನೂ ಮೇಲಿನ ಚುರುಕನ್ನೂ ಎತ್ತಿ ನಡುವನ್ನು ತಗ್ಗಿಸುವುದು ಅಗ್ಗದ ಮಾಲಿನಲ್ಲಿ ಸಾಮಾನ್ಯ. ಅಂಗಡಿಯಲ್ಲಿ ಮೊದಲ ಅರ್ಧ ನಿಮಿಷ ಅದು ಝಗಮಗಿಸುತ್ತದೆ. ಮನೆಗೆ ಬಂದು ಒಂದು ಗಂಟೆ ಪಾಠ ಕೇಳಿದಾಗ ಸಕಾರ, ಶಕಾರಗಳು ಸೂಜಿಯಂತೆ ಚುಚ್ಚುತ್ತವೆ. ಕುರ್‌ಆನ್ ಪಾರಾಯಣ ಕೇಳುವವರಿಗೆ ಸೀನ್ ಮತ್ತು ಸ್ವಾದ್ ಅಕ್ಷರಗಳ ಭೇದ ಎಷ್ಟು ಮುಖ್ಯವೆಂದು ಗೊತ್ತು. ಆ ಭೇದ ಬಹುಮಟ್ಟಿಗೆ ಪಕ್ಕದ ಸ್ವರ ತೆಳುವೋ ದಪ್ಪವೋ ಎಂಬುದರಲ್ಲಿ ಕೇಳಿಸುತ್ತದೆ. ಆ ಬಣ್ಣ ಇರುವುದು ಸುಮಾರು ಒಂದರಿಂದ ಎರಡು ಸಾವಿರ ಹರ್ಟ್ಜ್‌ಗಳ ನಡುವೆ, ಅಂದರೆ ಈ ಮಾಲು ತಗ್ಗಿಸುವ ಜಾಗದ ಹತ್ತಿರವೇ. ವಚನ ಗಾಯನಕ್ಕೂ, ಭಜನೆಗೂ, ಶ್ರೀಕೃಷ್ಣ ಪಾರಿಜಾತದ ಮಾತುಗಾರಿಕೆಗೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲಿ ಪದವೇ ಪ್ರಧಾನ, ಇಯರ್‌ಫೋನು ಮಾತ್ರ ಪೆಟ್ಟಿಗೆ ಪ್ರಾಧಾನ್ಯ ಕೊಡುತ್ತಿದೆ.

ದನಿ ಮಸುಕಾದಾಗ ಕೇಳುಗ ಮಾಡುವ ಮೊದಲ ಕೆಲಸ ವಾಲ್ಯೂಮ್ ಏರಿಸುವುದು. ಅಪಾಯ ಇರುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ಗೆ ಏರಿಸಿದರೆ ಆ 40 ಗಂಟೆ 4 ಗಂಟೆಗೆ ಇಳಿಯುತ್ತದೆ. ಪ್ರತಿ ಮೂರು ಡೆಸಿಬಲ್‌ಗೆ ಕಿವಿಗೆ ತಾಗುವ ಶಕ್ತಿ ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಜಗತ್ತಿನ 110 ಕೋಟಿ ಯುವಜನರ ಕಿವಿ ಇಂತಹ ಅಪಾಯದಲ್ಲಿದೆಯೆಂದು ಅದೇ ಸಂಸ್ಥೆ 2015ರಲ್ಲಿ ಎಚ್ಚರಿಸಿತ್ತು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೂರು ರೂಪಾಯಿ ಉಳಿಸಲು ಹೋಗಿ ಕಿವಿ ಕಳೆದುಕೊಳ್ಳುವುದು ಯಾವ ಲಾಭ?

ಇದಕ್ಕೆ ಪರಿಹಾರದ ಒಂದು ಭಾಗ ಪೊಟ್ಟಣದೊಳಗೇ ಇರುತ್ತದೆ. ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕಾನ್ ರಬ್ಬರುಗಳು ಸಿಗುತ್ತವೆ. ಹಲವರು ಮೊದಲೇ ಹಾಕಿದ್ದನ್ನೇ ಕೊನೆತನಕ ಬಳಸುತ್ತಾರೆ. ಕಿವಿಗೆ ರಬ್ಬರು ಬಿಗಿಯಾಗಿ ಕೂರದಿದ್ದರೆ ಬಾಸ್ ಸೋರಿಹೋಗುತ್ತದೆ, ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ, ವಾಲ್ಯೂಮ್ ಏರುತ್ತದೆ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಆದರೆ ರಸ್ತೆಯ ಮೇಲೆ, ವಾಹನ ನಡೆಸುವಾಗ ಇದೇ ಬಿಗಿತ ಜೀವಕ್ಕೆ ಮುಳುವಾಗಬಹುದು. ಅಲ್ಲಿ ಕಿವಿ ತೆರೆದಿರಲೇಬೇಕು.

ಇನ್ನು ಬಾಳಿಕೆಯ ಪ್ರಶ್ನೆ. ಇದಕ್ಕೂ ಮಾಪನ ನಮ್ಮಲ್ಲೇ ಇದೆ. ಅಥಣಿಯ ಚಪ್ಪಲಿಯನ್ನೇ ನೋಡಿ. ಬೆಳಗಾವಿ ಜಿಲ್ಲೆಯನ್ನೂ ಒಳಗೊಂಡು ಎರಡೂ ರಾಜ್ಯಗಳಿಗೆ ಸೇರಿ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿಯ ಬಳಗಕ್ಕೆ ಸೇರಿದ್ದು ಅದು. ಮೊಳೆಯಿಲ್ಲದೆ ಚರ್ಮದ ದಾರದಲ್ಲಿ ಹೊಲಿಯುವ ವಸ್ತು. ಹೊಲಿಗೆ ಬಿಟ್ಟರೆ ಮತ್ತೆ ಹೊಲಿಯಬಹುದು. ಇಯರ್‌ಫೋನು ಇದಕ್ಕೆ ತೀರಾ ವಿರುದ್ಧ. ಅದರ ಚಿಪ್ಪನ್ನು ಅಂಟಿನಿಂದ ಮುಚ್ಚಿರುತ್ತಾರೆ, ತೆರೆಯಲು ಹೋದರೆ ಒಡೆಯುತ್ತದೆ.

ಅದು ಕೆಡುವುದು ಹೆಚ್ಚಾಗಿ ಎರಡು ಮೂರು ಜಾಗಗಳಲ್ಲಿ: ಪಿನ್ನಿನ ಕುತ್ತಿಗೆಯಲ್ಲಿ, ತಂತಿ ಕವಲೊಡೆಯುವಲ್ಲಿ, ಚಿಪ್ಪಿನೊಳಗೆ ತಂತಿ ಹೊಕ್ಕುವಲ್ಲಿ. ಕಿಸೆಯಲ್ಲಿ ಫೋನ್ ಇಟ್ಟು ನಡೆದಾಗ ತಂತಿ ಒಂದೇ ಜಾಗದಲ್ಲಿ ಸಾವಿರ ಸಲ ಮಡಚುತ್ತದೆ. ಅಲ್ಲಿ ಉದ್ದನೆಯ, ಮೆತ್ತನೆಯ ರಬ್ಬರ್ ಕವಚವಿದ್ದರೆ ಬಾಗು ಹಂಚಿಹೋಗುತ್ತದೆ, ಇಲ್ಲವಾದರೆ ಒಂದು ಕಿವಿ ಮೂಕವಾಗುತ್ತದೆ. ರಿಪೇರಿಯವರ ಬಳಿ ಒಯ್ದರೆ ಹಲವೊಮ್ಮೆ 'ಹೊಸದೇ ತಗೋರಿ' ಎಂಬ ಉತ್ತರ. ಅವರದ್ದೂ ತಪ್ಪಲ್ಲ. ಒಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ತೆಳು, ಮೇಲೆ ವಾರ್ನಿಶ್ ಲೇಪ. ಅದನ್ನು ಸುಟ್ಟು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಅಷ್ಟು ಕೆಲಸದ ಕೂಲಿ ಇಯರ್‌ಫೋನಿನ ಬೆಲೆಗಿಂತ ಹೆಚ್ಚಾಗುತ್ತದೆ.

ಹೀಗೆ ಬಡವನ ಅಗ್ಗದ ಮಾಲೇ ಕೊನೆಗೆ ದುಬಾರಿಯಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ನೂರೈವತ್ತು ಕೊಟ್ಟವನು ಎರಡು ವರ್ಷದಲ್ಲಿ ಸಾವಿರದ ಇನ್ನೂರು ಕೊಟ್ಟಿರುತ್ತಾನೆ, ಕೈಯಲ್ಲಿ ಉಳಿಯುವುದು ಎಂಟು ಸತ್ತ ತಂತಿಗಳು. ಎರಡು ಸಾವಿರದ ಆಸುಪಾಸಿನಲ್ಲಿ ಬೇರೆ ಬಗೆಯ ಮಾಲೂ ಇದೆ. 2022ರ ಸೆವೆನ್ ಹರ್ಟ್ಜ್ ಸಾಲ್‌ನೋಟ್ಸ್ ಝೀರೋ, 2023ರ ಮೂನ್‌ಡ್ರಾಪ್ ಚು 2 ಇವುಗಳಲ್ಲಿ ತಂತಿ ಚಿಪ್ಪಿನಿಂದ ಕಳಚಿ ಬರುತ್ತದೆ. ತಂತಿ ಕೆಟ್ಟರೆ ತಂತಿಯನ್ನಷ್ಟೇ ಬದಲಿಸಬಹುದು. ದನಿಯೂ ಸಮತೋಲಕ್ಕೆ ಹತ್ತಿರ. ಇದೇ ಸೌಕರ್ಯ ಐದುನೂರರ ಮಾಲಿಗೂ ಇಳಿದು ಬರಬೇಕು. ತಂತಿಯಿಲ್ಲದ ಇಯರ್‌ಬಡ್ಸ್ ಇದಕ್ಕೆ ಉತ್ತರವಲ್ಲ. ಅದರ ಪುಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ, ಬದಲಿಸುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಎಫ್‌ಎಂ ಇರುವ ಬಹುತೇಕ ಫೋನುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ ಎಂಬುದೂ ನೆನಪಿರಲಿ.

ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿದಾಗ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತ್ತು. ಫೋನಿನ ದುರಸ್ತಿಯ ಮಾತಾಡುವವರು ಅದಕ್ಕೆ ಜೋತುಬಿದ್ದ ತಂತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿ ಕೆಲವು ಸುಲಭ ಪರೀಕ್ಷೆಗಳಿವೆ. ಅಂಗಡಿಗೆ ನಿಮ್ಮದೇ ರಬ್ಬರು ಒಯ್ಯಿರಿ, ಬೇರೆಯವರ ಕಿವಿಯದ್ದು ಬೇಡ. ಖಾನ್ ಸಾಹೇಬರ ಝಿಂಜೋಟಿ ಠುಮ್ರಿ ಹಚ್ಚಿರಿ. ಆ ಕಾಲದ ತಟ್ಟೆಯಲ್ಲಿ ಎಡ, ಬಲ ಎಂಬ ಭೇದವಿಲ್ಲ, ಹಾಗಾಗಿ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಇಯರ್‌ಫೋನಿನ ಎರಡು ಬದಿ ಒಂದಕ್ಕೊಂದು ಹೊಂದಿಲ್ಲವೆಂದೇ ಅರ್ಥ. ಆಮೇಲೆ ಬರೀ ತಂಬೂರಿ, ಆಮೇಲೆ ಒಬ್ಬರ ಬರೀ ಮಾತು ಕೇಳಿರಿ. ಕೊನೆಗೆ ದನಿ ಬರುತ್ತಿರುವಾಗಲೇ ಪಿನ್ನಿನ ಕುತ್ತಿಗೆಯನ್ನು ಮೆಲ್ಲಗೆ ಬಾಗಿಸಿ ನೋಡಿರಿ, ಕರಕರ ಎಂದರೆ ಅಲ್ಲಿಯೇ ಬಿಟ್ಟು ಬನ್ನಿರಿ. ಕೊಂಡ ಮೇಲೆ ಜಾಲರಿಗೆ ಮೆತ್ತಿದ ಕುಗ್ಗೆಯನ್ನು ಒಣ ಬ್ರಶ್ಶಿನಿಂದ ಆಗಾಗ ತೆಗೆಯಿರಿ. ಸತ್ತುಹೋಯಿತೆಂದು ಎಸೆದ ಎಷ್ಟೋ ಇಯರ್‌ಫೋನುಗಳ ಕಾಯಿಲೆ ಅಷ್ಟೇ ಆಗಿರುತ್ತದೆ.

ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳುವ ಸೀಮೆ ಇದು. ಇಲ್ಲಿ ಒಬ್ಬರನ್ನೊಬ್ಬರು ಅರಿಯುವುದೇ ಕೇಳುವುದರಿಂದ. ಕೇಳಲು ಕೊಂಡ ವಸ್ತು ಮನುಷ್ಯನ ದನಿಯನ್ನೇ ಮಸುಕು ಮಾಡಿದರೆ ಅದು ಎಷ್ಟು ಅಗ್ಗವಾಗಿ ಸಿಕ್ಕರೂ ನಷ್ಟದ ವ್ಯಾಪಾರವೇ.