ವಿಡಿಯೋ ಕ್ರೀಡೆಗಳಲ್ಲಿ ಆಸ್ವಾದವಿಚಾರ

ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೆ ಕಾಣತಕ್ಕದ್ದೂ ಕಿವಿಗೆ ಕೇಳತಕ್ಕದ್ದೂ ಆದ ಒಂದು ಆಟದ ಸಾಧನವನ್ನು ಬೇಡಿದರೆಂದೂ, ಅದರ ಫಲವಾಗಿ ನಾಟ್ಯವೇದವು ಹುಟ್ಟಿತೆಂದೂ ಭರತಮುನಿಯು ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಲ್ಲಿ ಮುನಿಯು ಪ್ರಯೋಗಿಸಿರುವ ಶಬ್ದವು ‘ಕ್ರೀಡನೀಯಕ’ ಎಂಬುದು. ನಾವು ಈ ಶಬ್ದವನ್ನು ನಾಟಕಪರವಾಗಿಯೇ ಅರ್ಥಮಾಡುತ್ತ ಬಂದು, ಆಟಿಕೆಯೆಂಬ ಅದರ ಮೂಲಾರ್ಥವನ್ನು ಮರೆತವರಂತೆ ಇದ್ದೇವೆ. ಈಗ ದೃಶ್ಯವೂ ಶ್ರವ್ಯವೂ ಆಗಿದ್ದು, ನಿಜವಾಗಿಯೂ ಆಟಿಕೆಯೇ ಆಗಿರುವ ವಸ್ತುವೊಂದು ಲೋಕವನ್ನೆಲ್ಲ ವ್ಯಾಪಿಸಿರುವುದು. ಅದೇ ವಿಡಿಯೋ ಆಟ. ನಮ್ಮ ಪಂಡಿತಮಂಡಲಿಯಲ್ಲಿ ಇದರ ಮಾತು ಬಂದಾಗಲೆಲ್ಲ ‘ವ್ಯಸನ’ ಎಂಬ ಒಂದೇ ಶಬ್ದದಿಂದ ವಿಚಾರವನ್ನು ಮುಗಿಸಿಬಿಡುವ ವಾಡಿಕೆಯುಂಟು. ನಿಂದಿಸುವುದು ಬೇರೆ, ವಿಮರ್ಶಿಸುವುದು ಬೇರೆ. ಎರಡನೆಯದನ್ನು ಮಾಡದೆ ಮೊದಲನೆಯದಕ್ಕೆ ಅಧಿಕಾರವಿಲ್ಲವೆಂಬುದು ಈ ಲೇಖನದ ನಿಲವು.

ಆಟಗಳನ್ನು ಶಾಸ್ತ್ರದೃಷ್ಟಿಯಿಂದ ನೋಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಶಕ್ತಿನಿಧಿ, ವಿಷ್ಣುನಿಧಿ ಮೊದಲಾದ ಎಂಟು ನಿಧಿಗಳು ಮುಗಿದ ಮೇಲೆ ಒಂಬತ್ತನೆಯದಾಗಿ ಕೌತುಕನಿಧಿಯು ಬರುತ್ತದೆ. ಅದರ ವಿಷಯವು ಚದುರಂಗ, ಎಲೆಯಾಟ ಮುಂತಾದ ಕ್ರೀಡೆಗಳೇ. ದೇವತಾಧ್ಯಾನಗಳ ಗ್ರಂಥದಲ್ಲಿಯೇ ಆಟಕ್ಕೂ ಸ್ಥಾನವಿತ್ತ ಆ ದೊರೆಯ ಔದಾರ್ಯವು ನಮಗೂ ಮಾರ್ಗದರ್ಶಕವಾಗಬೇಕು. ಪ್ರಕೃತ ವಿಚಾರಿಸತಕ್ಕ ಪ್ರಶ್ನೆಗಳು ಎರಡು. ವಿಡಿಯೋ ಆಟವನ್ನು ಆಡುವವನಿಗೆ ಉಂಟಾಗುವ ಸಂತೋಷವು ಕಾವ್ಯಾಸ್ವಾದದ ಜಾತಿಗೆ ಸೇರಿದುದೆ, ಅಥವಾ ಬರಿಯ ಲೌಕಿಕ ಸುಖವೆ? ಒಂದೇ ಆಟವನ್ನು ಸಾರ್ವಜನಿಕ ಆಟದ ಮನೆಯಲ್ಲಿ, ಟೆಲಿವಿಷನ್ನಿಗೆ ಜೋಡಿಸುವ ಕನ್ಸೋಲಿನಲ್ಲಿ, ಕಂಪ್ಯೂಟರಿನಲ್ಲಿ, ಕೈಯೊಳಗಿನ ಫೋನಿನಲ್ಲಿ ಆಡಿದರೆ ಆ ಸಂತೋಷದಲ್ಲಿ ಭೇದವುಂಟಾಗುವುದೆ?

ಸ್ವತಃ ರುಚಿನೋಡದೆ ಪಾಕವನ್ನು ವಿಮರ್ಶಿಸಬಾರದಷ್ಟೆ. ಆದುದರಿಂದ ಪ್ರಕೃತ ಲೇಖಕನು ತನ್ನ ತಂಗಿಯ ಮಗನನ್ನು ಈ ವಿಷಯದಲ್ಲಿ ಗುರುವೆಂದು ಭಾವಿಸಿ ಕೆಲವು ತಿಂಗಳು ಅಭ್ಯಾಸಮಾಡಿರುವನು. ಉದಾಹರಣೆಗಾಗಿ ‘ಟೆಟ್ರಿಸ್’ ಎಂಬ ಆಟವನ್ನು ಮುಖ್ಯವಾಗಿ ತೆಗೆದುಕೊಳ್ಳುತ್ತೇನೆ. ಮೇಲೆ ಹೇಳಿದ ನಾಲ್ಕು ಸ್ಥಾನಗಳಲ್ಲಿಯೂ ನೆಲೆಸಿರುವ ಆಟವಿದು. ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್ನೋವ್ ಎಂಬವರು ಇದನ್ನು ರಚಿಸಿದರು. ಅವರ ಮುಂದಿದ್ದ ‘ಎಲೆಕ್ಟ್ರೋನಿಕಾ ೬೦’ ಎಂಬ ಕಂಪ್ಯೂಟರಿಗೆ ಚಿತ್ರವನ್ನು ತೋರಿಸುವ ಶಕ್ತಿಯಿರಲಿಲ್ಲವಾಗಿ, ಆಟದ ತುಂಡುಗಳನ್ನು ಆವರಣಚಿಹ್ನೆಗಳಿಂದಲೇ ಕಟ್ಟಬೇಕಾಯಿತು. ನಾಲ್ಕು ನಾಲ್ಕು ಚೌಕಗಳು ಕೂಡಿ ಆದ ಏಳು ಆಕೃತಿಗಳು. ಹತ್ತು ಚೌಕದ ಅಗಲವೂ ಇಪ್ಪತ್ತು ಚೌಕದ ಎತ್ತರವೂ ಉಳ್ಳ ಒಂದು ಬಾವಿ. ಆಕೃತಿಗಳು ಮೇಲಿನಿಂದ ಒಂದೊಂದಾಗಿ ಇಳಿಯುವುವು. ಅವುಗಳನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಹೊಂದಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲು ಮಾಯವಾಗುವುದು. ತುಂಬದಿದ್ದರೆ ರಾಶಿಯು ಏರುವುದು. ಇಳಿಯುವ ವೇಗವು ಕ್ರಮಕ್ರಮವಾಗಿ ಹೆಚ್ಚುತ್ತದೆ. ರಾಶಿಯು ಬಾವಿಯ ಬಾಯಿಯನ್ನು ಮುಟ್ಟಿದೊಡನೆ ಆಟವು ಮುಗಿಯಿತು.

ಇಲ್ಲಿ ಪೂರ್ವಪಕ್ಷವು ಹೀಗೆ ಏಳುತ್ತದೆ. ಈ ಆಟದಲ್ಲಿ ಇತಿವೃತ್ತವಿಲ್ಲ, ನಾಯಕನಿಲ್ಲ, ವಿಭಾವಾನುಭಾವಗಳಿಲ್ಲ. ಇವಿಲ್ಲದೆ ರಸವೆಲ್ಲಿಂದ ಬಂದೀತು? ಮತ್ತು ರಸಾಸ್ವಾದವು ನೋಡುವ ಸಾಮಾಜಿಕನಿಗೆ ಹೇಳಲ್ಪಟ್ಟಿರುವುದು. ಇಲ್ಲಿಯಾದರೋ ಆಡುವವನು ತಾನೇ ಕರ್ತೃ. ಅವನ ಭಯವು ಅವನದೇ ಭಯ, ಅವನ ಗೆಲವು ಅವನದೇ ಗೆಲವು. ರಾಮನ ಶೋಕವು ಸಾಧಾರಣೀಕೃತವಾಗಿ ಪ್ರೇಕ್ಷಕನಲ್ಲಿ ಕರುಣರಸವಾಗುವುದೆಂಬ ನ್ಯಾಯವು ಇಲ್ಲಿ ಹೇಗೆ ಹೊಂದೀತು?

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವನ್ನು ಆನಂದವರ್ಧನನೇ ಒದಗಿಸಿರುವನು. ಅರ್ಥವನ್ನು ಹೇಳದಿರುವ ಗೀತಶಬ್ದಗಳಿಂದಲೂ ರಸಾಭಿವ್ಯಕ್ತಿಯುಂಟೆಂದು ಅವನು ಒಪ್ಪಿದ್ದಾನೆ. ಸಾಹಿತ್ಯವಿಲ್ಲದ ರಾಗಾಲಾಪನೆಯನ್ನೂ ಮಾತಿಲ್ಲದ ಮೃದಂಗದ ತನಿಯನ್ನೂ ಕೇಳಿ ತಲೆದೂಗುವ ನಾವು, ಇತಿವೃತ್ತವಿಲ್ಲವೆಂಬ ಒಂದೇ ಕಾರಣದಿಂದ ಟೆಟ್ರಿಸನ್ನು ತಳ್ಳಿಹಾಕುವುದು ನ್ಯಾಯವಲ್ಲ. ವಸ್ತುತಃ ಈ ಆಟದ ಪ್ರಾಣವು ಲಯ. ವಿಲಂಬದಲ್ಲಿ ಆರಂಭಿಸಿ, ಮಧ್ಯಕ್ಕೆ ಬಂದು, ದ್ರುತಕ್ಕೆ ಏರುವ ಕಾಲಗತಿಯಲ್ಲಿ ಕೈಯೂ ಕಣ್ಣೂ ಒಂದಾಗುತ್ತವೆ. ನನ್ನ ಗುರುವು ಮೊದಲ ದಿನವೇ, “ಮಾವ, ಅವಸರ ಮಾಡಬೇಡಿ, ಅಂಚಿನಲ್ಲಿ ಒಂದು ಸಂದು ಬಿಟ್ಟುಕೊಂಡು ಉದ್ದಕೋಲಿಗೆ ಕಾದಿರಿ” ಎಂದು ಉಪದೇಶಿಸಿದನು. ನಾಲ್ಕು ಚೌಕದ ಆ ಕೋಲು ಬಂದು ಸಂದಿಯಲ್ಲಿ ಇಳಿದರೆ ನಾಲ್ಕು ಸಾಲುಗಳು ಒಮ್ಮೆಲೇ ಕರಗುವುವು. ಪಲ್ಲವಿಯ ಎತ್ತುಗಡೆಗೆ ಮೃದಂಗದ ಮುಕ್ತಾಯವು ಸರಿಯಾಗಿ ಬಂದು ಸೇರಿದಾಗ ಆಗುವ ಚಮತ್ಕಾರಕ್ಕೂ ಇದಕ್ಕೂ ಜಾತಿಭೇದವು ನನಗೆ ಕಾಣಲಿಲ್ಲ.

ಎರಡನೆಯ ಆಕ್ಷೇಪವು ಇನ್ನೂ ಬಲವಾದದ್ದು. ಆದರೆ ದಶರೂಪಕಕಾರನಾದ ಧನಂಜಯನು ಕಾವ್ಯಾರ್ಥಭಾವನೆಯಿಂದ ನರ್ತಕನಿಗೂ ಆಸ್ವಾದವುಂಟಾಗುವುದನ್ನು ನಿಷೇಧಿಸಲಿಲ್ಲವೆಂಬುದನ್ನು ಮರೆಯಬಾರದು. ಕರ್ತೃವಾಗಿರುವುದೇ ಆಸ್ವಾದಕ್ಕೆ ಬಾಧಕವಲ್ಲ. ಕರ್ಮದ ಫಲವು ತನ್ನ ಸಂಸಾರಕ್ಕೆ ತಗುಲುವುದು ಬಾಧಕ. ಟೆಟ್ರಿಸಿನಲ್ಲಿ ಸೋತವನಿಗೆ ಒಂದು ಕಾಸೂ ನಷ್ಟವಿಲ್ಲ, ಗೆದ್ದವನಿಗೆ ಒಂದು ಹೊಲವೂ ಬರುವುದಿಲ್ಲ. ಅಷ್ಟೇ ಅಲ್ಲ, ಆಕೃತಿಗಳು ಯಾದೃಚ್ಛಿಕವಾಗಿ ಬರುವ ಪಕ್ಷದಲ್ಲಿ ಎಂತಹ ನಿಪುಣನೂ ಕೊನೆಗೆ ಸೋಲಲೇಬೇಕೆಂದು ೧೯೯೭ರಲ್ಲಿ ಗಣಿತದಿಂದ ಸಾಧಿಸಲ್ಪಟ್ಟಿದೆ. ಸೋಲು ನಿಶ್ಚಿತವೆಂದು ತಿಳಿದೂ ಒಂದೊಂದು ತುಂಡನ್ನೂ ಶ್ರದ್ಧೆಯಿಂದ ಇಡುವ ಈ ಕರ್ಮದಲ್ಲಿ ಫಲಾಕಾಂಕ್ಷೆಯು ತಾನಾಗಿಯೇ ಸಡಿಲುತ್ತದೆ. ರಾಶಿಯು ಏರುವಾಗ ಆಗುವ ಆತಂಕವು ಹುಲಿಯನ್ನು ಕಂಡ ಆತಂಕವಲ್ಲ; ರಂಗದ ಮೇಲಣ ಹುಲಿಯದು. ಆದುದರಿಂದ, ಆಟದ ಫಲವು ಆಟದೊಳಗೇ ಮುಗಿಯುವವರೆಗೆ ಅದರ ಸಂತೋಷವು ಅಲೌಕಿಕಾಸ್ವಾದಕ್ಕೆ ಬಂಧುವಾಗಿರುವುದು. ಫಲವು ಹೊರಕ್ಕೆ ಹರಿದ ಕ್ಷಣದಲ್ಲಿ ಆ ಬಂಧುತ್ವವು ಕಡಿಯುವುದು. ಇದೇ ನಮ್ಮ ಸಿದ್ಧಾಂತ.

ಇನ್ನು ಸ್ಥಾನಭೇದವನ್ನು ನೋಡೋಣ. ಅಭಿನವಗುಪ್ತಪಾದರು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿರುವರು. ಸ್ವಗತಪರಗತಗಳಾದ ದೇಶಕಾಲವಿಶೇಷಗಳ ಆವೇಶ, ತನ್ನ ಸುಖದುಃಖಗಳಿಗೆ ವಶನಾಗಿರುವುದು, ಪ್ರತೀತಿಗೆ ಬೇಕಾದ ಉಪಾಯಗಳ ಕೊರತೆ, ಸ್ಫುಟತ್ವವಿಲ್ಲದಿರುವುದು, ಪ್ರಧಾನವಾದುದು ಅಪ್ರಧಾನವಾಗುವುದು ಇವು ಅವುಗಳಲ್ಲಿ ಮುಖ್ಯವಾದವು. ಆಟದ ರಂಗಗಳನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯಲಾರದು.

ಸಾರ್ವಜನಿಕವಾದ ಆಟದ ಮನೆಯೇ ಇವುಗಳಲ್ಲಿ ನಾಟ್ಯಮಂಡಪಕ್ಕೆ ಹತ್ತಿರವಾದದ್ದು. ಜಪಾನಿನಲ್ಲಿ ೧೯೭೮ರಲ್ಲಿ ತೊಮೊಹಿರೊ ನಿಶಿಕಾಡೊ ಎಂಬವರ ‘ಸ್ಪೇಸ್ ಇನ್ವೇಡರ್ಸ್’ ಹೊರಬಂದ ಮೇಲೆ ನಾಣ್ಯ ಹಾಕಿ ಆಡುವ ಯಂತ್ರಗಳ ಮನೆಗಳು ಬಹಳವಾಗಿ ಹಬ್ಬಿದುವು. ೧೯೭೯ರ ‘ಆಸ್ಟರಾಯ್ಡ್ಸ್’ ಆಟದಲ್ಲಿ ಹೆಚ್ಚು ಅಂಕ ಪಡೆದವನು ತನ್ನ ಹೆಸರಿನ ಮೂರಕ್ಷರಗಳನ್ನು ಯಂತ್ರದಲ್ಲಿ ಬರೆದಿಡಬಹುದಾಗಿತ್ತು. ಟೆಟ್ರಿಸ್ ಕೂಡ ೧೯೮೮ರಲ್ಲಿ ಈ ಮನೆಗಳನ್ನು ಪ್ರವೇಶಿಸಿತು. ಆಡುವವನ ಬೆನ್ನಹಿಂದೆ ನಾಲ್ಕು ಜನರು ನಿಂತು ನೋಡುವಾಗ ಅವನು ನಟನಾಗುತ್ತಾನೆ, ಅವರು ಸಾಮಾಜಿಕರಾಗುತ್ತಾರೆ. ಅವನ ಕೈ ತಪ್ಪಿದರೆ ನಾಲ್ವರ ಬಾಯಿಂದಲೂ ‘ಅಯ್ಯೋ’ ಎಂಬ ಶಬ್ದವು ಬರುತ್ತದೆ. ಬೆಂಗಳೂರಿನ ಮಾಲುಗಳಲ್ಲಿರುವ ಆಟದ ಅಂಗಳಗಳಲ್ಲಿಯೂ ಇದನ್ನು ಕಂಡಿದ್ದೇನೆ. ಗುಣವು ಇಷ್ಟು. ದೋಷವೇನೆಂದರೆ, ಅಲ್ಲಿ ಕಾಲವು ನಾಣ್ಯಕ್ಕೆ ಮಾರಲ್ಪಡುತ್ತದೆ. ಆಡುವವನು ಬೇಗ ಸೋಲುವುದರಲ್ಲಿ ಯಂತ್ರದ ಒಡೆಯನಿಗೆ ಲಾಭವಿರುವುದರಿಂದ ಆಟದ ಕಾಠಿನ್ಯವು ಯಾವಾಗಲೂ ಕಲಾದೃಷ್ಟಿಯಿಂದಲೇ ನಿರ್ಣಯವಾದುದಲ್ಲ.

ಕನ್ಸೋಲು ಈ ದೋಷವನ್ನು ಕಳೆದು ಮಂಡಪವನ್ನು ಮನೆಯ ನಡುಮನೆಗೆ ತಂದಿತು. ಚಾಪೆ ಹಾಸಿ ಅಕ್ಕತಮ್ಮಂದಿರು ಸರದಿಯಿಂದ ಆಡುವುದೂ, ಆಡದವರು ನೋಡುವುದೂ ಇಲ್ಲಿ ಸಾಧ್ಯ. ಅತಿ ದೊಡ್ಡ ಮಂಡಪದಲ್ಲಿ ಮುಖಭಾವವು ಅಸ್ಪಷ್ಟವಾಗುವುದೆಂದು ಹೇಳಿ ಭರತನು ಮಧ್ಯಮಪ್ರಮಾಣದ ಮಂಡಪವನ್ನೇ ಹೊಗಳಿರುವನಷ್ಟೆ; ಆ ಮಧ್ಯಮತ್ವವು ಟೆಲಿವಿಷನ್ನಿನ ತೆರೆಗೆ ಚೆನ್ನಾಗಿ ಒಪ್ಪುತ್ತದೆ. ನಿಂಟೆಂಡೋ ಕನ್ಸೋಲಿಗಾಗಿ ೧೯೮೯ರಲ್ಲಿ ಬಂದ ಟೆಟ್ರಿಸನ್ನು ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬನು ೧೫೭ನೆಯ ಮಟ್ಟದವರೆಗೆ ಆಡಿದಾಗ, ಯಂತ್ರದ ಲೆಕ್ಕವು ಕೆಟ್ಟು ತೆರೆಯು ಸ್ತಬ್ಧವಾಯಿತು. ಮೂವತ್ತನಾಲ್ಕು ವರ್ಷ ಎಲ್ಲರನ್ನೂ ಸೋಲಿಸಿದ್ದ ಆಟವು ಮೊದಲ ಬಾರಿಗೆ ಮನುಷ್ಯನ ಮುಂದೆ ನಿಂತುಹೋಯಿತು. ಆ ಬಾಲಕನಿಗಾದುದನ್ನು ವಿಸ್ಮಯವೆನ್ನದೆ ಬೇರೆ ಏನೆನ್ನೋಣ? ಅದ್ಭುತರಸದ ಸ್ಥಾಯಿಯು ಅದೇ ಅಲ್ಲವೆ?

ಕಂಪ್ಯೂಟರು ಟೆಟ್ರಿಸಿನ ತವರುಮನೆ. ಕೀಲಿಮಣೆಯ ಸ್ಫುಟತೆಯೂ, ಏಕಾಂತವೂ, ದೀರ್ಘಕಾಲ ಯೋಚಿಸಿ ಆಡುವ ಅವಕಾಶವೂ ಇಲ್ಲಿಯ ಗುಣಗಳು. ಆದರೆ ಬರೆಯುವ ಕೆಲಸವೂ ಆಡುವ ಆಟವೂ ಒಂದೇ ಮೇಜಿನ ಮೇಲೆ ಇರುವುದರಿಂದ ಮನಸ್ಸಿನ ಒಂದು ಮೂಲೆಯಲ್ಲಿ ಮುಗಿಯದ ಕೆಲಸವು ಕುಳಿತಿರುತ್ತದೆ. ತನ್ನ ಸುಖದುಃಖಗಳಿಗೆ ವಶನಾಗುವ ವಿಘ್ನವಿದು.

ಫೋನಿನ ವಿಷಯದಲ್ಲಿ ನನಗೆ ಹೆಚ್ಚಿನ ಅಸಮಾಧಾನವಿದೆ. ಕೈಯಲ್ಲಿ ಹಿಡಿಯುವ ಯಂತ್ರವೆಂಬುದೇ ದೋಷವಲ್ಲ. ೧೯೮೯ರ ಗೇಮ್ ಬಾಯ್ ಎಂಬ ಪುಟ್ಟ ಯಂತ್ರದಲ್ಲಿ ರಷ್ಯದ ಜಾನಪದ ಗೀತವೊಂದರ ಧಾಟಿಯೊಡನೆ ಟೆಟ್ರಿಸ್ ಬಹು ಸೊಗಸಾಗಿ ನಡೆಯಿತು. ಅದಕ್ಕೆ ಆಟವೊಂದೇ ಧರ್ಮವಾಗಿತ್ತು. ಫೋನಿಗಾದರೋ ನೂರು ಧರ್ಮಗಳು. ತುಂಡನ್ನು ತಿರುಗಿಸುವ ಬೆರಳೇ ತೆರೆಯನ್ನು ಮುಚ್ಚುತ್ತದೆ, ಇದು ಸ್ಫುಟತ್ವಾಭಾವ. ನಡುವೆ ಕರೆಯೊಂದು ಬರುತ್ತದೆ, ಇದು ದೇಶಕಾಲಾವೇಶ. ಉಚಿತವೆಂದು ಕೊಡಲ್ಪಡುವ ಆಟಗಳಲ್ಲಿ ಸೋತೊಡನೆ ಜಾಹೀರಾತೊಂದು ತೆರೆಯನ್ನೆಲ್ಲ ಆಕ್ರಮಿಸುವುದುಂಟು. ಇಲ್ಲಿ ಆಟವೇ ಅಪ್ರಧಾನ, ಜಾಹೀರಾತೇ ಪ್ರಧಾನ. ಭರತನು ಪೂರ್ವರಂಗವನ್ನು ವಿಧಿಸಿದ್ದು ಸಭಿಕರ ಮನಸ್ಸನ್ನು ಲೋಕದಿಂದ ಬಿಡಿಸಿ ರಂಗಕ್ಕೆ ತರುವುದಕ್ಕಾಗಿ. ಇಲ್ಲಿಯ ಪೂರ್ವರಂಗವು ಮನಸ್ಸನ್ನು ರಂಗದಿಂದ ಬಿಡಿಸಿ ಅಂಗಡಿಗೆ ಒಯ್ಯುವುದಕ್ಕಾಗಿ ಇದೆ. ಆದರೂ ಬಸ್ಸಿಗಾಗಿ ಕಾಯುವವನಿಗೂ, ಬೇರೆ ಯಂತ್ರಗಳನ್ನು ಕೊಳ್ಳಲಾರದವನಿಗೂ ಆಟವನ್ನು ಒದಗಿಸಿಕೊಟ್ಟ ಪುಣ್ಯವು ಫೋನಿಗೆ ಸಲ್ಲಬೇಕು.

ಸಹೃದಯರ ಸಂಗವು ಯಂತ್ರದ ಮೂಲಕವೂ ಸಿದ್ಧಿಸಬಹುದೆಂಬುದಕ್ಕೆ ಇತಿವೃತ್ತವುಳ್ಳ ಮತ್ತೊಂದು ಕೃತಿಯನ್ನು ಉದಾಹರಿಸುತ್ತೇನೆ. ಜೆನೋವಾ ಚೆನ್ ಎಂಬವರ ನಿರ್ದೇಶನದಲ್ಲಿ ೨೦೧೨ರಲ್ಲಿ ಪ್ಲೇಸ್ಟೇಷನ್ ೩ ಕನ್ಸೋಲಿಗೆ ಬಂದು, ಅನಂತರ ಕಂಪ್ಯೂಟರು ಫೋನುಗಳಿಗೂ ಇಳಿದ ‘ಜರ್ನಿ’ ಎಂಬ ಆಟವಿದೆ. ಮರಳುಗಾಡಿನಲ್ಲಿ ಒಬ್ಬ ಯಾತ್ರಿಕನು ದೂರದ ಪರ್ವತಶಿಖರದ ಕಡೆಗೆ ನಡೆಯುವುದೇ ಅದರ ಕಥೆ. ದಾರಿಯಲ್ಲಿ ಮತ್ತೊಬ್ಬ ಯಾತ್ರಿಕನು ಸಿಕ್ಕುತ್ತಾನೆ. ಅವನು ಲೋಕದ ಯಾವುದೋ ಮೂಲೆಯಲ್ಲಿ ಕುಳಿತು ಆಡುತ್ತಿರುವ ಮನುಷ್ಯನು. ಅವನ ಹೆಸರು ಕಾಣುವುದಿಲ್ಲ, ಮಾತಾಡುವ ಉಪಾಯವಿಲ್ಲ. ಒಂದು ನಾದವನ್ನು ಹೊರಡಿಸಬಹುದು, ಅಷ್ಟೆ. ಹಿಮದ ಗಾಳಿಯಲ್ಲಿ ಇಬ್ಬರೂ ಮೈಗೆ ಮೈ ತಾಗಿಸಿಕೊಂಡು ಏರುವಾಗ ನನ್ನ ಕಣ್ಣು ತೇವವಾಯಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಎಲ್ಲವೂ ಮುಗಿದ ಮೇಲೆಯೇ ಜೊತೆಗಾರನ ಹೆಸರು ತೆರೆಯ ಮೇಲೆ ಬರುತ್ತದೆ. ಹೆಸರು, ದೇಶ, ಭಾಷೆ, ವಯಸ್ಸು ಎಂಬ ವಿಶೇಷಗಳೆಲ್ಲ ಕಳಚಿ, ‘ಜೊತೆಗಾರ’ ಎಂಬುದಷ್ಟೇ ಉಳಿಯುವ ಈ ಏರ್ಪಾಡು ಸಾಧಾರಣೀಕರಣಕ್ಕೆ ಕಣ್ಣಿಗೆ ಕಾಣುವ ವ್ಯಾಖ್ಯಾನದಂತಿದೆ. ಪೂರ್ವಪಕ್ಷಿಯ ಎರಡನೆಯ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಉತ್ತರವನ್ನು ನಾನರಿಯೆ.

ಈಗ ವ್ಯಸನದ ಮಾತು. ಮನುಸ್ಮೃತಿಯು ನಿರ್ಜೀವವಸ್ತುಗಳಿಂದ ಪಣವೊಡ್ಡಿ ಆಡುವುದನ್ನು ದ್ಯೂತವೆಂದೂ, ಪ್ರಾಣಿಗಳಿಂದ ಆಡುವುದನ್ನು ಸಮಾಹ್ವಯವೆಂದೂ ವಿಂಗಡಿಸಿ ಎರಡನ್ನೂ ನಿಷೇಧಿಸಿದೆ. ನಿಷೇಧವು ಪಣಕ್ಕೆ, ಆಟಕ್ಕಲ್ಲ. ನಮ್ಮ ರಾಜ್ಯದಲ್ಲಿ ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ೨೦೨೧ರಲ್ಲಿ ಆದ ಪೊಲೀಸ್ ಕಾಯಿದೆಯ ತಿದ್ದುಪಡಿಯ ಮುಖ್ಯಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ರದ್ದುಮಾಡಿತು. ೨೦೨೫ರಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ ಎಂದು ವಿಭಾಗಿಸಿ ಮೂರನೆಯದನ್ನು ಮಾತ್ರ ನಿಷೇಧಿಸಿದೆ. ನ್ಯಾಯಶಾಸ್ತ್ರಜ್ಞರ ವಾದವೇನೇ ಇರಲಿ, ರಸದೃಷ್ಟಿಯಿಂದ ಈ ವಿಭಾಗವು ಯುಕ್ತವಾದದ್ದು. ಆದರೆ ಪಣವು ಎಲ್ಲೆಡೆಯೂ ಪಣವೆಂಬ ಹೆಸರಿನಿಂದಲೇ ಬರುವುದಿಲ್ಲ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಹಣಕ್ಕೆ ಮಾರುವ ಪದ್ಧತಿಯು ಕೆಲವು ಆಟಗಳಲ್ಲಿ ಸೇರಿಕೊಂಡು, ೨೦೧೮ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಲಿಯು ಅದನ್ನು ಜೂಜೆಂದೇ ನಿರ್ಣಯಿಸಬೇಕಾಯಿತು. ಕೃತಿಯು ಚಿತ್ರಸಂಗೀತಗಳಿಂದ ಎಷ್ಟೇ ಶೋಭಿಸಲಿ, ಅಂತಹ ಪೆಟ್ಟಿಗೆಯು ರಸಕ್ಕೆ ಸೇರಿದ ವಿಷವೇ ಸರಿ.

ನಿಗಮನವಿದು: ವಿಡಿಯೋ ಆಟದ ಸಂತೋಷವು ತಾನಾಗಿಯೇ ಹೇಯವೂ ಅಲ್ಲ, ತಾನಾಗಿಯೇ ಉತ್ತಮವೂ ಅಲ್ಲ. ಫಲವು ಒಳಗೆ ನಿಂತು, ರಂಗವು ಸ್ಫುಟವಾಗಿದ್ದು, ಆಟವೇ ಪ್ರಧಾನವಾಗಿರುವಲ್ಲಿ ಅದು ಆಸ್ವಾದ್ಯ. ಫಲವು ಹೊರಕ್ಕೆ ಹರಿದು, ಆಡುವವನೇ ಮಾರಾಟದ ಸರಕಾಗುವಲ್ಲಿ ಅದು ತ್ಯಾಜ್ಯ. ಟೆಟ್ರಿಸನ್ನು ರಸಪ್ರಧಾನಕಾವ್ಯಕ್ಕೆ ಸಮನೆಂದು ನಾನು ಹೇಳುವುದಿಲ್ಲ. ರುದ್ರಟನ ಕಾವ್ಯಾಲಂಕಾರದಲ್ಲಿರುವ ತುರಗಬಂಧದಂತೆ ಅದೊಂದು ಚಿತ್ರ, ಆದರೆ ಲಯವುಳ್ಳ ಚಿತ್ರ. ‘ಜರ್ನಿ’ಯಂತಹ ಕೃತಿಗಳು ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಲ್ಲತಕ್ಕವು. ಇಂತಹ ತಾರತಮ್ಯವನ್ನು ಹೇಳುವವರಿಲ್ಲದೆ ನಮ್ಮ ಮಕ್ಕಳು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿರುವರು. ಹಿರಿಯರು ‘ವ್ಯಸನ’ವೆಂದು ಗದರಿಸಿದರೆ ಅವರು ಆಟವನ್ನು ಬಿಡುವುದಿಲ್ಲ, ಹಿರಿಯರ ಮಾತನ್ನು ಬಿಡುತ್ತಾರೆ. ಅವರ ಪಕ್ಕದಲ್ಲಿ ಕುಳಿತು ಒಂದು ಸಾಲನ್ನಾದರೂ ತುಂಬಿಸಿ, ಬಳಿಕ ಗುಣದೋಷಗಳನ್ನು ವಿವೇಚಿಸಬೇಕೆಂದು ವಿದ್ವಾಂಸರಲ್ಲಿ ಸವಿನಯವಾಗಿ ಬಿನ್ನವಿಸುತ್ತೇನೆ.